ಗಣಪಿಯ ಮಾತು, ದೇವರಾಜನ ಇಂಗ್ಲಿಷ್

ಜೆ.ಪಿ. ನಗರದ ಆ ಆಫೀಸಿನಲ್ಲಿ ದುಭಾಷಿ ದೇವರಾಜನನ್ನು ಎಲ್ಲರೂ ಇಷ್ಟಪಡುತ್ತಿದ್ದರು. ಅವನ ಬಾಯಿಗೆ ಬಿದ್ದ ಯಾವ ಮಾತಿಗೂ ಮೊನೆ ಉಳಿಯುತ್ತಿರಲಿಲ್ಲ. ಕರಾವಳಿಯವರ ಸಿಟ್ಟು ಬೆಂಗಳೂರಿಗೆ ಬರುವಷ್ಟರಲ್ಲಿ ಸಲಹೆಯಾಗಿರುತ್ತಿತ್ತು, ಬೆಂಗಳೂರಿನವರ ಬೆದರಿಕೆ ಕರಾವಳಿ ಮುಟ್ಟುವಷ್ಟರಲ್ಲಿ ವಿನಂತಿಯಾಗಿರುತ್ತಿತ್ತು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೆಲಸ ಮುಗಿಸುತ್ತಾನೆ ಎಂದು ಮ್ಯಾನೇಜರ್ ಶಶಿಕಾಂತ್ ಹೊಗಳುತ್ತಿದ್ದ. ಇಂಥವರನ್ನು ನಮ್ಮಲ್ಲಿ ಒಳ್ಳೆಯವರು ಅನ್ನುತ್ತಾರೆ. ನನಗೇನೋ ಇವರನ್ನು ಕಂಡರೆ ಮೈ ಉರಿಯುತ್ತದೆ.

ಆಫೀಸಿನ ಕೆಲಸ ಕೆಟ್ಟದ್ದಲ್ಲ. ಉತ್ತರ ಕನ್ನಡದಲ್ಲಿ ಹೊಳೆ ಕಡಲು ಸೇರುವ ಒಂದು ಅಳಿವೆಯ ಕೆಸರಿನಲ್ಲಿ, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡ ನೆಡುತ್ತಿದ್ದರು. ಗಿಡವೂ ಅದರ ಬುಡದ ಕೆಸರೂ ಗಾಳಿಯ ಇಂಗಾಲವನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಾಗೆ ಹಿಡಿದಿಟ್ಟಿದ್ದನ್ನು ಕಾರ್ಬನ್ ಕ್ರೆಡಿಟ್ ಎಂದು ವಿದೇಶದ ಕಂಪನಿಗಳಿಗೆ ಮಾರಿ, ಆ ಹಣದಲ್ಲಿ ಇನ್ನಷ್ಟು ನೆಡುವುದು. ಆದರೆ ಗಿಡ ಕಾಯಲು ಹಾಕಿದ ಬೇಲಿ, ಊರಿನ ಹೆಂಗಸರು ಉಬ್ಬರದ ನೀರು ಇಳಿದಾಗ ಬಳಚು ಆರಿಸುತ್ತಿದ್ದ ಜಾಗವನ್ನೂ ಒಳಗೆ ಹಾಕಿಕೊಂಡಿತ್ತು. ಬಳಚು ಅಂದರೆ ಕೆಸರಿನಲ್ಲಿ ಹುದುಗಿರುವ ಚಿಪ್ಪುಮೀನು. ಅದನ್ನು ಮಾರಿಯೇ ಆ ಮನೆಗಳ ಒಲೆ ಉರಿಯಬೇಕು. ಒಳಗೆ ಕಾಲಿಟ್ಟರೆ ಪೊಲೀಸ್ ಕೇಸ್ ಎಂದು ಕಾವಲುಗಾರ ಹೆದರಿಸಿಯೂ ಆಗಿತ್ತು.

ಕ್ರೆಡಿಟ್ ಕೊಳ್ಳುವವರು ಬೆಂಗಳೂರಿಗೆ ಬಂದಾಗ ವೇದಿಕೆಯ ಮೇಲೆ ಊರಿನ ಹೆಂಗಸೊಬ್ಬಳು ಬೇಕೆಂದರು. ಹಾಗೆ ಗಣಪಿ ಬಂದಳು. ಊರಿನ ಹೆಂಗಸರೆಲ್ಲ ಸೇರಿ ಅವಳ ಬಾಯಿಗೆ ಒಂದೇ ಮಾತು ಕೊಟ್ಟು ಕಳಿಸಿದ್ದರು. ಬಿಟಿಎಂ ಲೇಔಟಿನ ಲಾಡ್ಜಿನಲ್ಲಿ ಒಬ್ಬಳೇ ಮಲಗಲಾರೆ ಎಂದಳು, ದೇವರಾಜ್ ಶ್ರೀನಗರದ ತನ್ನ ಮನೆಗೇ ಕರೆದೊಯ್ದ. ಅವನ ತಾಯಿ ತಿಮ್ಮಕ್ಕ ಜಯನಗರದ ಮನೆಗಳಲ್ಲಿ ಪಾತ್ರೆ ತೊಳೆದು ಮಗನನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದವಳು. ಇಬ್ಬರೂ ಒಂದೇ ಸಂಜೆಗೆ ಅಕ್ಕತಂಗಿಯರಾದರು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ತಿಮ್ಮಕ್ಕ ಎಷ್ಟು ಹೇಳಿಕೊಟ್ಟರೂ ಗಣಪಿ ಅಗಿದೇ ತಿಂದಳು.

ಮರುದಿನ ಸಭೆಯಿದ್ದ ಹೋಟೆಲಿನ ಬಾಗಿಲಲ್ಲೇ ಶಶಿಕಾಂತ್ ದೇವರಾಜನನ್ನು ಪಕ್ಕಕ್ಕೆ ಕರೆದ.

"ಆಯಮ್ಮ ಏನಾದ್ರೂ ಕಂಪ್ಲೇಂಟ್ ತೆಗೆದ್ರೆ ಸ್ವಲ್ಪ ಸ್ಮೂತ್ ಮಾಡ್ಬಿಡು ಗುರು. ನಾಳೆ ಸೈನ್ ಇದೆ."

ಗಣಪಿ ಮೈಕಿನ ಮುಂದೆ ನಿಂತು, ಸೆರಗು ಸರಿಮಾಡಿಕೊಂಡು, ತಡವರಿಸದೆ ಹೇಳಿದಳು.

"ಗಿಡ ಬೇಡ ಹೇಳಿ ನಾವು ಹೇಳೂದಿಲ್ಲ. ನೀರು ಇಳಿದ ಹೊತ್ತಿಗೆ ಬೇಲಿ ಬಾಗಿಲು ತೆಗೀರಿ. ಅದು ನಮ್ಮ ದಾರಿ. ಬಳಚು ಇಲ್ದೇ ನಾವು ಬದುಕೂದು ಹ್ಯಾಂಗೆ?"

ದೇವರಾಜನಿಗೆ ಮಾತು ಪೂರ್ತಿ ಕೇಳಿಸಿತ್ತು. ಇಂಗ್ಲಿಷಿಗೆ ತರುವುದು ಕಷ್ಟವೇನಲ್ಲ. ಆದರೆ ಮುಂದಿನ ಸಾಲಿನಲ್ಲಿ ಶಶಿಕಾಂತ್ ಕೂತಿದ್ದ. ಈ ತಾಯಂದಿರು ಗಿಡಗಳನ್ನು ಮಕ್ಕಳಂತೆ ಕಾಯುತ್ತಿದ್ದಾರೆ, ನಿಮಗೆ ಋಣಿಗಳು ಎನ್ನುತ್ತಿದ್ದಾರೆ ಎಂದುಬಿಟ್ಟ. ವಿದೇಶದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರಲ್ಲೊಬ್ಬಳು ಬಂದು ಗಣಪಿಯ ಎರಡೂ ಕೈ ಹಿಡಿದುಕೊಂಡಳು. ಒಪ್ಪಿಬಿಟ್ಟರಲ್ಲ ಎಂದು ಗಣಪಿಯ ಕಣ್ಣು ತುಂಬಿತು. ಅದನ್ನು ನೋಡಿದ ದೇವರಾಜನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಈಗಲೂ ತಿದ್ದಬಹುದು ಎಂದುಕೊಳ್ಳುತ್ತಲೇ ಊಟದ ಸಾಲಿನಲ್ಲಿ ನಿಂತ. ಶಶಿಕಾಂತ್ ಅವನ ತಟ್ಟೆಗೆ ತಾನೇ ಜಾಮೂನು ಹಾಕಿದ. ದೇವರಾಜ್ ತಿಂದ ಕೂಡ.

ಸಂಜೆ ಮನೆಯಲ್ಲಿ ಗಣಪಿ ನಡೆದದ್ದನ್ನೆಲ್ಲ ವಿವರಿಸಿದಳು. ನಿನ್ನ ಮಗ ನಮ್ಮ ಮಾತು ಒಂದೂ ಬಿಡದೆ ಮುಟ್ಟಿಸಿದ ಎಂದಳು. ತಿಮ್ಮಕ್ಕ ಮಗನ ತಲೆ ನೀವಿ ನೆಟಿಕೆ ಮುರಿದು ದೃಷ್ಟಿ ತೆಗೆದಳು. ನಾಚಿಕೆಯಿಂದ ಅವನ ಕಿವಿ ಸುಡುತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಗಣಪಿ ಊರಿಗೆ ಫೋನು ಹಚ್ಚಿದ್ದಳು. ನಾಳೆ ನೀರು ಇಳಿಯುತ್ತಲೇ ಎಲ್ಲರೂ ಬೇಲಿ ದಾಟಿ ಇಳಿಯಿರಿ, ಕಾವಲುಗಾರ ತಡೆದರೆ ಬೆಂಗಳೂರಿನಲ್ಲಿ ಒಪ್ಪಿದ್ದಾರೆ ಅನ್ನಿ ಎಂದಳು. ಆ ಕಡೆಯವರು ನಂಬಲಿಲ್ಲ. ಪೊಲೀಸರು ಬಂದರೆ ಯಾರು ಗತಿ ಎಂದರು. ಗಣಪಿ ನಗುತ್ತ ಫೋನನ್ನು ದೇವರಾಜನ ಕೈಗಿತ್ತಳು.

"ನೀನೇ ಹೇಳು ತಮಾ. ನಿನ್ನ ಮಾತು ನಂಬ್ತರು."

ಹೂಂ ಅಂದರೆ ನಾಳೆ ಆ ಹೆಂಗಸರು ಠಾಣೆಯಲ್ಲಿರುತ್ತಾರೆ.

"ಇಳೀಬೇಡಿ," ಎಂದ. "ನಿಮ್ಮ ಮಾತು ನಾನು ಹೇಳ್ಲಿಲ್ಲ. ನೀವು ಥ್ಯಾಂಕ್ಸ್ ಹೇಳ್ತಿದೀರ ಅಂತ ಹೇಳ್ಬಿಟ್ಟೆ."

ಗಣಪಿ ಫೋನು ತೆಗೆದುಕೊಂಡು ಆಫ್ ಮಾಡಿದಳು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ನಾ ಹೇಳಿದ್ದು ನಿಂಗೆ ತಿಳೀಲಿಲ್ವ ತಮಾ? ಸರಿಯಾಗಿ ಹೇಳೂಕೆ ಬರ್ಲಿಲ್ವೇನೋ ನಂಗೆ."

"ತಿಳೀತು," ಎಂದ ದೇವರಾಜ್.

ತಿಮ್ಮಕ್ಕ ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಹೋಟೆಲಿನಲ್ಲಿ ವಿದೇಶದವರು ಊಟಕ್ಕೆ ಕೂತಿರುತ್ತಾರೆ, ನಾಳೆ ನೋಡೋಣ ಎಂದು ಅವನು ಗೊಣಗಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ನಮ್ಗೆ ಇಂಗ್ಲಿಷ್ ಬರಲ್ಲ ಅಂತ ತಾನೇ ನಿಂಗೆ ಅಷ್ಟು ಧೈರ್ಯ? ನಡಿ."

ನಲವತ್ತು ದಾಟಿದ ಗಂಡಸನ್ನು ಆಟೋದಲ್ಲಿ ಇಬ್ಬರು ಹೆಂಗಸರೂ ನಡುವೆ ಕೂರಿಸಿಕೊಂಡರು. ಬನಶಂಕರಿ ದಾಟುವಾಗ ತಿಮ್ಮಕ್ಕ, ಅಲ್ಲಿ ಏನು ಹೇಳುತ್ತೀಯೋ ಈಗಲೇ ಕನ್ನಡದಲ್ಲಿ ಹೇಳು, ಕೇಳೋಣ ಎಂದಳು. ಆಟೋದವನು ಕನ್ನಡಿಯಲ್ಲಿ ನೋಡುತ್ತಿದ್ದ. ದೇವರಾಜ್ ಗಂಟಲು ಸರಿಮಾಡಿಕೊಂಡ.

"ಸಾಧ್ಯ ಆದ್ರೆ ಬೇಲಿ ಬಾಗಿಲು ಸ್ವಲ್ಪ ಹೊತ್ತು ತೆಗೆದ್ರೆ ಅನುಕೂಲ ಆಗುತ್ತೆ ಅಂತ ಇವ್ರು ಕೇಳ್ಕೋತಿದಾರೆ."

ಗಣಪಿ ಅವನ ಮೊಣಕಾಲಿನ ಮೇಲೆ ಮೆಲ್ಲಗೆ ಕೈಯಿಟ್ಟಳು.

"ನಾ ಕೇಳ್ಕೊಳ್ಳಲಿಲ್ಲ ತಮಾ."

ಆಟೋದಲ್ಲಿ ಮುಖ ಮುಚ್ಚಿಕೊಳ್ಳಲೂ ಜಾಗವಿರಲಿಲ್ಲ. ಅವನು ಮೊದಲಿಂದ ಶುರುಮಾಡಿದ.