ಚೀಟಿ ಕಿತ್ತ ಎರಡು ಸೀಸೆ

"ಇದರಲ್ಲೇನಿದೆ?"

"ನೀರು."

"ಇನ್ನೊಂದರಲ್ಲಿ?"

"ನೀರಲ್ಲ," ಅಂದ ಫೀಫಿ.

ಅರಾಬಾ ಕಣ್ಣು ಮುಚ್ಚಿಕೊಂಡಳು. ತಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದು ಅವಳಿಗೆ ಹದಿನಾರು ವರ್ಷದಿಂದ ಗೊತ್ತಿತ್ತು. ನಿಜವನ್ನು ಇಷ್ಟು ಕೆಟ್ಟದಾಗಿಯೂ ಹೇಳಬಹುದು ಎಂಬುದು ಗೊತ್ತಿರಲಿಲ್ಲ. ಶನಿವಾರ, ಬೆಳಗ್ಗೆ ಒಂಬತ್ತೂಕಾಲು. ಬಸ್ ನಿಲ್ದಾಣದಲ್ಲಿ ಅಕ್ಕ ತಮ್ಮ ಇಬ್ಬರೇ. ಎದುರಿಗೆ ಇಬ್ಬರು ಪೊಲೀಸರು. ರಸ್ತೆಯಾಚೆ ಮೀನಿನಂಗಡಿಯವನು ತಟ್ಟೆಗೆ ಮಂಜುಗಡ್ಡೆ ಸುರಿಯುವುದನ್ನು ಅರ್ಧಕ್ಕೇ ಬಿಟ್ಟು ಇತ್ತಲೇ ನೋಡುತ್ತಿದ್ದ.

ಫೀಫಿಯ ಬಲಗೈಯಲ್ಲಿ ಒಂದು ಬಿಳಿ ಬಟ್ಟೆ, ಬಟ್ಟೆಯೊಳಗೆ ಬೆರಳುದ್ದದ ಎರಡು ಗಾಜಿನ ಸೀಸೆ. ಎರಡರಲ್ಲೂ ತಿಳಿಯಾದ ದ್ರವ.

"ಒಂದನ್ನ ಎಡಗೈಗೆ ತಗೊ. ಎರಡೂ ಕೈ ನನಗೆ ಕಾಣ್ತಿರ್ಬೇಕು," ಅಂದ ಪೇದೆ. ಎಳೆಯವನು, ಟೋಪಿ ಕಿವಿಯವರೆಗೂ ಇಳಿದಿತ್ತು.

"ಎಡಗೈಲಿ ಹಿಡಿಯೋ ಹಾಗಿಲ್ಲ."

"ಯಾಕೆ? ಏನಾಗಿದೆ ಎಡಗೈಗೆ?"

"ಏನೂ ಆಗಿಲ್ಲ. ಅದು ಎಡಗೈ, ಅಷ್ಟೆ."

ಹಿಂದೆ ನಿಂತಿದ್ದ ಹಿರಿಯ ಪೇದೆ, ಐವತ್ತರ ಹತ್ತಿರದ ಹೆಂಗಸು, ಕೆಮ್ಮಿದಳು. ಅದು ನಗುವಿನ ಕೆಮ್ಮು ಅಂತ ಅರಾಬಾಗೆ ಅನ್ನಿಸಿತು. ಖಾತ್ರಿಯಿರಲಿಲ್ಲ.

ತಪ್ಪೆಲ್ಲ ಅಮ್ಮನದು. ಇವತ್ತು ದೊಡ್ಡಮ್ಮನ ಮಗಳು ಎಕುವಾಳ ಮಗುವಿಗೆ ಎಂಟನೇ ದಿನ, ಹೆಸರಿಡುವ ದಿನ. ಮಗುವಿನ ತುಟಿಗೆ ಮೊದಲು ನೀರು, ಆಮೇಲೆ ಜಿನ್ ಎಂಬ ಮದ್ಯ ಮುಟ್ಟಿಸಬೇಕು. ದೇಶ ಬಿಟ್ಟು ಬಂದರೂ ಬಿಡದ, ಹಿಂದಿನವರಿಂದ ಬಂದ ಪದ್ಧತಿ. ಒಂದು ಹನಿಗೆ ಇಡೀ ಬಾಟಲಿ ಯಾಕೆ ಅಂತ ಅಮ್ಮ ಕೆಮ್ಮಿನ ಔಷಧಿಯ ಎರಡು ಹಳೇ ಸೀಸೆ ಕುದಿನೀರಲ್ಲಿ ತೊಳೆದಳು. ತೊಳೆದ ಮೇಲೆ ಚೀಟಿ ಕಣ್ಣಿಗೆ ಬಿತ್ತು. "ಶುಭಕಾರ್ಯಕ್ಕೆ ಹೋಗೋ ಸೀಸೆ ಮೇಲೆ ಕಾಯಿಲೆ ಹೆಸರಾ? ಬೇಡಪ್ಪ!" ಅಂತ ಎರಡರದ್ದೂ ಚೀಟಿ ಉಗುರಲ್ಲಿ ಕೆರೆದು ಕಿತ್ತಳು. ಬೆಳಗ್ಗೆ ಆರಕ್ಕೇ ಅಡುಗೆಗೆಂದು ಹೊರಡುವಾಗ ಮಗನಿಗೆ ಹೇಳಿದ್ದು ಎರಡೇ ಮಾತು: "ಬರಿಗೈಲಿ ಮುಟ್ಬೇಡ. ಎಡಗೈಲಂತೂ ಹಿಡೀಲೇಬೇಡ." ಮಗಳಿಗೆ ಒಂದೇ: "ಅವನನ್ನ ಒಬ್ಬನ್ನೇ ಬಿಡ್ಬೇಡ."

ಒಬ್ಬನ್ನೇ ಬಿಡದಿರಲು ಕಾರಣವಿತ್ತು. ಜನವರಿಯಲ್ಲಿ ಗೆಳೆಯರ ಗುಂಪಿನಲ್ಲಿದ್ದ ಫೀಫಿಯೊಬ್ಬನನ್ನೇ ಪೊಲೀಸರು ಹೀಗೇ ತಡೆದಿದ್ದರು. "ಯಾಕೆ, ನಾನೊಬ್ಬನೇ ಯಾಕೆ?" ಅಂತ ಕೈ ಕೊಡವಿಕೊಂಡ. ಆ ಕೊಡವಿದ್ದಕ್ಕೇ ಆರು ಗಂಟೆ ಠಾಣೆಯಲ್ಲಿ ಕೂತ. ಏನೂ ಸಿಗಲಿಲ್ಲ, ಬಿಟ್ಟರು. ಆದರೆ ಮಾತು ಮನೆಮನೆ ಸುತ್ತಿತು. ಮಗುವಿನ ತುಟಿಗೆ ಯಾರು ಮುಟ್ಟಿಸುತ್ತಾರೋ ಅವರ ಗುಣವೇ ಮಗುವಿಗೆ ಬರುತ್ತದೆಂದು ಎಲ್ಲರ ನಂಬಿಕೆ. ಮನೆಯ ಹಿರಿಯರಾದ ಅಮಿಸ್ಸಾ ಅಜ್ಜ ಫೀಫಿಯ ಹೆಸರು ಹೇಳಿದಾಗ ಅಜುವಾ ಅತ್ತೆ ಎಲ್ಲರೆದುರೇ ಅಂದಿದ್ದಳು: "ಠಾಣೆ ಮೆಟ್ಲು ಹತ್ತಿದೋನ ಕೈಲಾ?" ಅಜ್ಜ ಅದಕ್ಕೆ, "ಹತ್ತು ಗಂಟೆಗೆ ಸರಿಯಾಗಿ ಬಂದ್ರೆ ಅವನ ಕೈಲೇ," ಅಂದು ಮಾತು ಮುಗಿಸಿದ್ದರು. ಆ ವಾರವೆಲ್ಲ ಫೀಫಿ ಉಗುರು ಕತ್ತರಿಸಿಕೊಂಡದ್ದು ಮೂರು ಸಲ.

ಈಗ ಅದೇ ಹುಡುಗ, ಬಸ್ಸು ಕಾಯುತ್ತ, ಯಾವುದರಲ್ಲಿ ನೀರಿದೆಯೆಂದು ಮರೆತು ಸೀಸೆಗಳನ್ನು ಬಿಸಿಲಿಗೆ ಹಿಡಿದು ನೋಡುವಾಗ ಸಿಕ್ಕಿಬಿದ್ದಿದ್ದ.

"ನಿನ್ನ ಜೇಬು ನೋಡ್ಬೇಕು," ಅಂತ ಪೇದೆ ಒಂದು ಹೆಜ್ಜೆ ಮುಂದೆ ಬಂದ.

ಫೀಫಿಯ ಕತ್ತಿನ ನರ ಉಬ್ಬಿತು. "ಯಾಕೆ, ನಾನೊಬ್ಬನೇ..."

"ನಿಮ್ಮ ಹೆಸರು ಹೇಳ್ಲಿಲ್ಲ," ಅಂತೊಂದು ಗಟ್ಟಿ ದನಿ ಕೇಳಿತು.

ಯಾರಪ್ಪಾ ಇದು ಅಂತ ಅರಾಬಾಳೂ ತಿರುಗಿ ನೋಡುವವಳಿದ್ದಳು. ಮಾತಾಡಿದ್ದು ತಾನೇ.

ಕಾಫಿ ಅಂಗಡಿಯ ಸಾಲಿನಲ್ಲಿ ತನ್ನ ಸರದಿ ಬಂದಾಗ ಹಿಂದಿನವರಿಗೆ ಜಾಗ ಬಿಟ್ಟು ಸರಿದುಕೊಳ್ಳುವವಳು ಅವಳು. ಪದವಿ ಮುಗಿದು ವರ್ಷವಾದರೂ ಫೋನಿನಲ್ಲಿ ಕೆಲಸ ಕೇಳಲಾಗದೆ, ಕೇಳಬೇಕಾದ್ದನ್ನೆಲ್ಲ ಮೊದಲು ಪುಸ್ತಕದಲ್ಲಿ ಬರೆದುಕೊಂಡು, ಬರೆದದ್ದೇ ಸಾಕಾಯಿತೆಂದು ಮಲಗುವವಳು. ಆದರೆ ಬುಧವಾರ ಸಂಜೆಗಳ ಕಥೆ ಬೇರೆ. ಅವರ ಕಟ್ಟಡದ ಕೆಳಗಿನ ಹಾಲಿಗೆ ಒಬ್ಬ ವಕೀಲೆ ಬಂದು, ಪೊಲೀಸರು ತಡೆದರೆ ಏನು ಕೇಳಬಹುದು, ಏನು ಹೇಳಬೇಕಾಗಿಲ್ಲ ಅಂತ ಹುಡುಗರಿಗೆ ನಾಟಕ ಆಡಿಸಿ ಕಲಿಸುತ್ತಿದ್ದಳು. ಪೊಲೀಸನ ಪಾತ್ರ ಯಾರಿಗೂ ಬೇಡ. ಮೂಲೆಯಲ್ಲಿ ಕೂತು ಬಿಸ್ಕತ್ತು ಎಣಿಸುತ್ತಿದ್ದ ಅರಾಬಾಳ ಕೈಗೆ ಟೋಪಿ ಬಂತು, ಜೊತೆಗೆ ಮಾತು ಬರೆದ ಹಾಳೆ. ಮಾತು ಮೊದಲೇ ಬರೆದಿದ್ದರೆ ಅವಳಿಗೆ ಭಯವಿಲ್ಲ. ಹನ್ನೊಂದು ಬುಧವಾರ ಅದೇ ಹತ್ತು ಹುಡುಗರನ್ನು ತಡೆದು ತಡೆದು, ಈಗ ಪೊಲೀಸರ ಮಾತು ಪೊಲೀಸರಿಗಿಂತ ಅವಳಿಗೇ ಚೆನ್ನಾಗಿ ಬರುತ್ತಿತ್ತು.

"ಮೊದ್ಲು, ತಪಾಸಣೆಗೋಸ್ಕರ ನಿನ್ನನ್ನ ತಡೆದಿದೀನಿ ಅನ್ಬೇಕು," ಅಂದಳು. ದನಿ ಇನ್ನೂ ಅದೇ. "ಆಮೇಲೆ ಹೆಸರು, ಆಮೇಲೆ ಠಾಣೆ."

"ಅದೇ ಹೇಳೋನಿದ್ದೆ," ಅಂದ ಪೇದೆ. ಕಿವಿ ಕೆಂಪಾಯಿತು. "ತಪಾಸಣೆಗೋಸ್ಕರ ತಡೆದಿದೀನಿ. ನಾನು ಕ್ಯಾಲಮ್ ಹರ್ಡ್. ಮಿಲ್‌ಗೇಟ್ ಠಾಣೆ."

"ಯಾವ ಕಾನೂನು?"

"ಕಾನೂನು..." ಹರ್ಡ್ ಹಿರಿಯಳ ಕಡೆ ನೋಡಿದ. ಅವಳು ಆಕಾಶ ನೋಡುತ್ತಿದ್ದಳು.

"ಒಂದ್ನೇ..." ಅಂತ ಅರಾಬಾ ತುಟಿಯಲ್ಲೇ ಎತ್ತಿಕೊಟ್ಟಳು.

"ಒಂದ್ನೇ ಕಲಮು!"

"ಹುಡುಗಿ, ಅವನ ಪರೀಕ್ಷೆ ಇರೋದು ಮುಂದಿನ ವಾರ," ಅಂದಳು ಹಿರಿಯಳು. "ನೀನೇ ಬಂದು ಬರೆದ್ಬಿಡಮ್ಮ. ಅಂದ ಹಾಗೆ ನಾನು ಬ್ರೈಡಿ. ನಾನೂ ಅದೇ ಠಾಣೆ. ಕೇಳೋಕೆ ಮುಂಚೆನೇ ಹೇಳಿದೀನಿ, ಬರ್ಕೊ."

ಫೀಫಿ ಫಕ್ಕನೆ ನಕ್ಕ. ಬುಧವಾರ ಬಿಸ್ಕತ್ತಿಗೋಸ್ಕರ ಬಂದು, ಅಕ್ಕನ ಕೈಲಿ ಸಿಕ್ಕಿಬಿದ್ದು ನಗುತ್ತಿದ್ದನಲ್ಲ, ಅದೇ ನಗು. ಕತ್ತಿನ ನರ ಇಳಿಯಿತು.

"ಏನು ಹುಡುಕ್ತಿದೀರಿ? ಯಾಕೆ ಅನುಮಾನ?"

"ಆಸಿಡ್," ಅಂದ ಹರ್ಡ್.

ಮೀನಿನಂಗಡಿಯವನು ಎರಡು ಹೆಜ್ಜೆ ಒಳಗೆ ಹೋದ.

"ಚೀಟಿ ಇಲ್ಲ. ಬಟ್ಟೆಲಿ ಸುತ್ತಿ, ಕೈಗೆ ತಾಗದ ಹಾಗೆ ಹಿಡಿದಿದಾನೆ. ಬೆಳಕಿಗೆ ಹಿಡ್ದು ನೋಡ್ತಿದ್ದ. ಈ ರಸ್ತೆಲಿ ಹೋದ ತಿಂಗಳು ಒಬ್ಬರ ಮುಖ ಸುಟ್ಟಿದೆ." ಈ ಸಲ ಅವನು ಎಲ್ಲೂ ತಡವರಿಸಲಿಲ್ಲ.

ಅರಾಬಾಗೆ ಅನ್ನಿಸಿತು: ಇದು ಬುಧವಾರವಾಗಿದ್ದರೆ, ಆ ಟೋಪಿ ತನ್ನ ತಲೆ ಮೇಲಿದ್ದರೆ, ತಾನೂ ಇವನನ್ನು ತಡೆಯುತ್ತಿದ್ದೆ. ಹಾಗೆ ಅನ್ನಿಸಿದ್ದಕ್ಕೆ ಅವಳಿಗೇ ಸ್ವಲ್ಪ ಸಿಟ್ಟು ಬಂತು. ಅಮ್ಮನ ಮೇಲೆ ಇನ್ನೂ ಸ್ವಲ್ಪ.

"ಕೊನೇದೊಂದು ಉಳೀತು," ಅಂದಳು. "ತಪಾಸಣೆ ಬಗ್ಗೆ ಬರೆಯೋದರ ಒಂದು ಪ್ರತಿ."

"ಪ್ರತಿ ಕೊಡ್ತೀನಿ. ಖಂಡಿತ ಕೊಡ್ತೀನಿ."

ಫೀಫಿ ಸೀಸೆಗಳನ್ನು ಒಂದೊಂದಾಗಿ, ಬಲಗೈಯಲ್ಲೇ, ಬೆಂಚಿನ ಮೇಲಿಟ್ಟ. ಹರ್ಡ್ ಅವನ ಜಾಕೆಟ್ಟಿನ ಜೇಬು ನೋಡಿದ. ಬಸ್ಸಿನ ಪಾಸು, ಉಗುರು ಕತ್ತರಿಸುವ ಸಾಧನ, ಅರ್ಧ ಬಿಸ್ಕತ್ತು. ಬ್ರೈಡಿ ಕಾರಿನಿಂದ ಆಸಿಡ್ ಪತ್ತೆಹಚ್ಚುವ ಕಾಗದದ ಪಟ್ಟಿ ತಂದಳು. ಮೊದಲ ಸೀಸೆಯ ಹನಿ ಬಿತ್ತು. ಪಟ್ಟಿಯ ಬಣ್ಣ ಬದಲಾಗಲಿಲ್ಲ. ಎರಡನೆಯದರದೂ ಬಿತ್ತು, ಬದಲಾಗಲಿಲ್ಲ. ಹರ್ಡ್ ಮೂಗು ಹತ್ತಿರ ತಂದ. ಅವನ ಮುಖ ಅರಳಿತು.

"ಇದು ಜಿನ್!"

"ಹೇಳಿದ್ನಲ್ಲ, ನೀರಲ್ಲ ಅಂತ," ಅಂದ ಫೀಫಿ.

"ನಿನಗೆಷ್ಟು ವಯಸ್ಸು?"

"ಹದಿನಾರು."

ಹರ್ಡ್‌ಗೆ ಈಗ ಒಂದು ಕಾನೂನು ತಾನಾಗಿಯೇ ನೆನಪಾಯಿತು. ಹದಿನೆಂಟು ತುಂಬದವರು ಬೀದಿಯಲ್ಲಿ ಮದ್ಯ ಹಿಡಿದಿದ್ದರೆ ಅದನ್ನು ತೆಗೆದುಕೊಂಡು ಚೆಲ್ಲಬಹುದು. ಅದನ್ನವನು ಹೆಮ್ಮೆಯಿಂದ, ಒಂದು ಪದವೂ ತಪ್ಪದೆ ಹೇಳಿ, ಸೀಸೆಗೆ ಕೈ ಚಾಚಿದ. ಅಷ್ಟರಲ್ಲಿ ಅವರ ಬಸ್ಸು ಬಂತು, ಬಾಗಿಲು ತೆರೆಯಿತು, ಒಂದು ಕ್ಷಣ ಕಾದು ಹೊರಟುಹೋಯಿತು.

ಅರಾಬಾಳ ಹಾಳೆಯಲ್ಲಿ ಈ ಕಾನೂನು ಇರಲಿಲ್ಲ. ಬರೆದ ಮಾತು ಮುಗಿದುಹೋಗಿತ್ತು. ಎಂದಿನ ಅರಾಬಾ ಬಂದು ನಿಂತಳು. ಈಗ ಸರಿದು ನಿಂತರೆ ಆಯಿತು. ಎಕುವಾಳ ಮನೆಯಲ್ಲಿ ಬೇರೆ ಜಿನ್ ಇರುತ್ತದೆ, ಮುಟ್ಟಿಸಲು ಬೇರೆ ಕೈ ಇರುತ್ತದೆ. ಅವಳು ತಮ್ಮನ ಕಡೆ ನೋಡಿದಳು. ಅವನು ಸೀಸೆ ನೋಡುತ್ತಿರಲಿಲ್ಲ. ಹೋದ ಬಸ್ಸನ್ನು ನೋಡುತ್ತಿದ್ದ.

ಅವಳು ಬಲಗೈ ಚಾಚಿ ಸೀಸೆ ಎತ್ತಿಕೊಂಡಳು. "ಇದು... ಇದು ನನ್ ಹತ್ರ ಇರ್ಲಿ. ನನಗೆ ಇಪ್ಪತ್ತೆರಡು. ಕುಡಿಯೋಕಲ್ಲ ಇದು. ಮಗೂಗೆ."

"ಮಗೂಗಾ?" ಹರ್ಡ್ ಬೆಚ್ಚಿದ. "ಎಷ್ಟು ವರ್ಷದ ಮಗು?"

"ಎಂಟು ದಿನ."

"ಅಯ್ಯೋ ದೇವರೇ," ಅಂದಳು ಬ್ರೈಡಿ, ಯಾರಿಗೆಂದಿಲ್ಲದೆ.

"ಕುಡಿಸೋದಲ್ಲ! ಬೆರಳಲ್ಲಿ ತುಟಿಗೆ ತಾಗಿಸೋದು. ಮೊದ್ಲು ನೀರು ತಾಗಿಸಿ, ಇದು ನೀರು ಅಂತಾರೆ. ಆಮೇಲೆ ಇದನ್ನ ತಾಗಿಸಿ, ಇದು ಜಿನ್ನು ಅಂತಾರೆ. ಕಣ್ಣಿಗೆ ಎರಡೂ ಒಂದೇ ಥರ ಇರುತ್ತಲ್ಲ, ದೊಡ್ಡೋಳಾದ್ಮೇಲೆ ಯಾವುದು ಏನೋ ಅದನ್ನೇ ಹೇಳ್ಲಿ ಅಂತ. ಯಾರು ತಾಗಿಸ್ತಾರೋ ಅವರ ಗುಣ ಬರುತ್ತೆ. ಅದಕ್ಕೇ ಇವನೇ ತಾಗಿಸ್ಬೇಕು, ಹತ್ತು ಗಂಟೆಗೆ. ಇವನಿಗೆ ಸುಳ್ಳು ಹೇಳೋಕೆ ಬರಲ್ಲ ಸಾರ್. ಬಂದಿದ್ರೆ ನೀವು ಕೇಳಿದಾಗ್ಲೇ ಎರಡೂ ನೀರು ಅಂತಿದ್ದ. ಇಷ್ಟೊತ್ತಿಗೆ ಬಸ್ಸಲ್ಲಿರ್ತಿದ್ವಿ."

ಅಷ್ಟನ್ನೂ ಉಸಿರು ಬಿಡದೆ ಹೇಳಿದಳು. ಅವಳ ಬಾಯಿಂದ ಒಂದೇ ಸಲಕ್ಕೆ ಇಷ್ಟು ಮಾತು ಬಂದದ್ದನ್ನು ಫೀಫಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಬಾಯಿ ತೆರೆದು ನೋಡುತ್ತಿದ್ದ.

ಬ್ರೈಡಿ ಮೂಗು ಉಜ್ಜಿಕೊಂಡಳು. "ನಂಗೆ ಹಲ್ಲು ಬರೋವಾಗ ನಮ್ಮಜ್ಜಿ ವಸಡಿಗೆ ವಿಸ್ಕಿ ಹಚ್ಚೋಳು. ಅದೂ ನಮ್ಮಜ್ಜಂಗೆ ಗೊತ್ತಾಗದ ಹಾಗೆ, ಅವನ ಬಾಟ್ಲಿಂದ. ಹರ್ಡ್, ಸೀಸೆ ಈಗ ಯಾರ ಕೈಲಿದೆ?"

"ಇವರ ಕೈಲಿ."

"ಇವರಿಗೆ ವಯಸ್ಸೆಷ್ಟು?"

"ಇಪ್ಪತ್ತೆರಡು." ಹರ್ಡ್ ಪುಸ್ತಕ ತೆಗೆದ. "ಸರಿ. ಬರ್ಕೋತೀನಿ. ಹೆಸರು?"

ಫೀಫಿ ಅಕ್ಕನ ಕಡೆ ನೋಡಿದ. ಅಕ್ಕನಿಗೆ ಇನ್ನೂ ಉಸಿರು ಬಂದಿರಲಿಲ್ಲ. "ಹೇಳ್ಲೇಬೇಕಾ?" ಅಂತ ಹರ್ಡ್‌ನನ್ನೇ ಕೇಳಿದ.

"ಇಲ್ಲ, ಹೇಳ್ಲೇಬೇಕಂತಿಲ್ಲ," ಅಂದ ಹರ್ಡ್. ಅದು ತನಗೆ ಗೊತ್ತಿತ್ತೆಂದು ಅವನಿಗೇ ಖುಷಿಯಾಯಿತು.

"ಹಾಗಾದ್ರೆ ಬೇಡ."

"ಮಗು ಹೆಸರಾದ್ರೂ ಹೇಳ್ರಪ್ಪ," ಅಂದಳು ಬ್ರೈಡಿ.

"ಅದೂ ಹತ್ತು ಗಂಟೆವರೆಗೆ ಹೇಳೋ ಹಾಗಿಲ್ಲ," ಅಂದ ಫೀಫಿ.

"ಒಳ್ಳೇ ಮನೆತನ! ಒಬ್ಬರ ಹೆಸರೂ ಸಿಗಲ್ಲ."

ಮುಂದಿನ ಬಸ್ಸು ಒಂಬತ್ತು ನಲವತ್ತಕ್ಕೆ ಬಂತು. ಮೇಲಿನ ಅಂತಸ್ತಿನ ಮುಂದಿನ ಸೀಟಿನಲ್ಲಿ ಕೂತು ಫೀಫಿ ಅಕ್ಕನ ಪೊಲೀಸ್ ದನಿ ಅಣಕಿಸಿದ. "ಯಾವ ಕಾನೂನು? ಹ್ಞಾಂ? ಯಾವ ಕಾನೂನು? ಪಾಪ ಕಣೆ ಅವನು, ಅಳೋ ಹಾಗಾಗಿದ್ದ."

"ಸುಮ್ನಿರೋ. ಸೀಸೆ ಅಲ್ಲಾಡುತ್ತೆ," ಅಂದಳು ಅರಾಬಾ.

ಎಕುವಾಳ ಮನೆ ಐದನೇ ಮಹಡಿ. ಮೂರನೇ ಮಹಡಿಯಿಂದಲೇ ಕರಿದ ಮೀನಿನ ವಾಸನೆ, ಹುಳಿ ಬಂದ ಜೋಳದ ಕಡುಬಿನ ವಾಸನೆ. ಹತ್ತಕ್ಕೆ ಎರಡು ನಿಮಿಷವಿತ್ತು. ಬಾಗಿಲು ತೆರೆದವಳು ಅಜುವಾ ಅತ್ತೆ, ತಲೆಗೆ ಗೋಪುರದಂಥ ಬಿಳಿ ರುಮಾಲು.

"ಎಲ್ಲಿ ಹಾಳಾಗಿ ಹೋಗಿದ್ರೋ? ಮಗು ಎರಡು ಸಲ ಎದ್ದು ಮಲಗ್ತು!"

ಬಸ್ಸು ತಪ್ಪಿತು ಅಂತ ಹೇಳೋ, ಅದೂ ನಿಜವೇ, ಅಂತ ಅರಾಬಾ ಮನಸ್ಸಿನಲ್ಲೇ ಬೇಡಿಕೊಂಡಳು.

"ಪೊಲೀಸ್ರು ಹಿಡಿದಿದ್ರು ಅತ್ತೆ," ಅಂದ ಫೀಫಿ.

ಒಳಗಿದ್ದ ಇಪ್ಪತ್ತು ಜನ ಒಮ್ಮೆಗೇ ಬಾಗಿಲ ಕಡೆ ನೋಡಿದರು. ಅಮ್ಮ ಸೌಟು ಹಿಡಿದೇ ಅಡುಗೆಮನೆಯಿಂದ ಬಂದಳು. ಅತ್ತೆ ಅಜ್ಜನ ಕಡೆ ತಿರುಗಿ, ಹುಬ್ಬಿನಲ್ಲೇ ಎಲ್ಲ ಅಂದಳು.

ಕಿಟಕಿ ಪಕ್ಕದ ಕುರ್ಚಿಯಿಂದ ಅಮಿಸ್ಸಾ ಅಜ್ಜ ಕೈ ಚಾಚಿದರು. "ಏನು ಬರ್ಕೊಟ್ರು?"

ಫೀಫಿ ಹರ್ಡ್ ಕೊಟ್ಟ ಕಾಗದವನ್ನು ಎರಡು ಕೈಯಲ್ಲಿ ಕೊಡಹೋಗಿ, ಎಡಗೈ ಹಿಂದಕ್ಕೆಳೆದುಕೊಂಡ. ಅಜ್ಜ ಕನ್ನಡಕ ಹುಡುಕಿದರು, ಒರೆಸಿದರು, ಹಾಕಿಕೊಂಡರು. ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಎರಡೇ ಸಾಲು ಓದಿದರು.

"ಹೆಸರು, ಹೇಳಲಿಲ್ಲ. ಸಿಕ್ಕಿದ್ದು, ಏನೂ ಇಲ್ಲ."

ಕಾಗದ ಮಡಚಿ ಜೇಬಿಗಿಟ್ಟುಕೊಂಡರು.

"ಕೈ ತೊಳ್ಕೊಂಡ್ ಬಾ," ಅಂದರು ಫೀಫಿಗೆ.

ಅವನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ನಲ್ಲಿಯ ಸದ್ದು ಕೇಳಿತು. ಎಕುವಾ ಮಗುವನ್ನು ಬಿಳಿ ಬಟ್ಟೆಯಲ್ಲಿ ಎತ್ತಿ ತಂದಳು. ಗೋಡೆ ಗಡಿಯಾರದಲ್ಲಿ ಹತ್ತಾಯಿತು, ಹತ್ತೂ ಐದಾಯಿತು. ನಲ್ಲಿ ಸುರಿಯುತ್ತಲೇ ಇತ್ತು. ಯಾರೂ ಕರೆಯಲಿಲ್ಲ. ಅರಾಬಾ ತಿರುಗಿ ನೋಡಿದಾಗ, ಬಚ್ಚಲ ಬಾಗಿಲ ಹೊರಗೆ ಅಜುವಾ ಅತ್ತೆಯೇ ನಿಂತಿದ್ದಳು, ಅವನಿಗೆಂದು ತೋಳಿನ ಮೇಲೆ ಒಗೆದು ಮಡಚಿದ ಟವೆಲ್ಲು ಹಾಕಿಕೊಂಡು, ಬಾಗಿಲು ತಟ್ಟದೆ.