ಮೂರನೇ ಸಾಲಿನ ಬೆಲ್ಟ್

ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಕೂತು ಹೋಗಬೇಕು ಅನ್ನೋ ಆಸೆ ಯಾರಿಗಿಲ್ಲ ಹೇಳಿ? ನಮ್ಮ ಬೀದಿಯ ಬೇಕರಿಯವನಿಗೂ ಇತ್ತು. ಆದರೆ ಅವನದು ಬರೀ ಆಸೆಯಾಗಿರಲಿಲ್ಲ, ಅದರ ಹಿಂದೆ ಒಂದು ಭಯವೂ ಇತ್ತು.

ಬೀದಿಯವರು ಅವನಿಗೆ ಇಟ್ಟ ಹೆಸರು ಅವಸರದಣ್ಣ. ಹಲ್ಲುಜ್ಜುತ್ತಲೇ ಅಂಗಿ ಹಾಕಿಕೊಳ್ಳುವ ಆಸಾಮಿ. ನಿಮಗೆ ಚಿಲ್ಲರೆ ಕೊಡುವ ಮೊದಲೇ ನಿಮ್ಮ ಹಿಂದೆ ನಿಂತವರಿಗೆ "ಏನು ಬೇಕು?" ಅಂದುಬಿಡುತ್ತಾನೆ. ಒಲೆಯ ಮುಂದೆ ನಿಂತಾಗ ಮಾತ್ರ ಆ ಅವಸರವೆಲ್ಲ ಎಲ್ಲಿಗೆ ಹೋಗುತ್ತೋ ಗೊತ್ತಿಲ್ಲ. ಕೇಕು ಮೇಲೆ ಎಷ್ಟೇ ಕೆಂಪಗೆ ಬೆಂದಿರಲಿ, ನಡುವಿಗೆ ಕಡ್ಡಿ ಚುಚ್ಚಿ ಎಳೆಯುತ್ತಾನೆ. ಕಡ್ಡಿಗೆ ಹಸಿ ಹಿಟ್ಟು ಅಂಟಿಲ್ಲ ಅಂತ ಕಣ್ಣಾರೆ ನೋಡದೆ ಒಲೆಯಿಂದ ಹೊರಗೆ ತೆಗೆಯುವವನೇ ಅಲ್ಲ.

ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳನ್ನು ಎಲ್ಲರೂ ಪುಟ್ಟಿ ಅನ್ನುತ್ತಾರೆ. ಉಬ್ಬಸದ ಮಗು. ಧೂಳು ಆಗದು, ಬೂಷ್ಟು ಆಗದು, ಗಾಢವಾದ ಸೆಂಟೂ ಆಗದು. ಹೋದ ತಿಂಗಳು ಒಂದು ಮಧ್ಯಾಹ್ನ ಅವಳಿಗೆ ಉಬ್ಬಸ ಎಷ್ಟು ಏರಿತೆಂದರೆ, ಬಾಯಿಗೆ ಇಡುವ ಪಂಪಿಗೂ ಬಗ್ಗಲಿಲ್ಲ. ತುಟಿ ನೀಲಿಯಾಯಿತು. ಬಾಡಿಗೆ ಕಾರಿನವನು ಫೋನಿನಲ್ಲಿ "ಬಂದೆ, ಬಂದೆ" ಅಂದನೇ ಹೊರತು ಬರಲಿಲ್ಲ. ಕೊನೆಗೆ ಪಕ್ಕದಂಗಡಿಯ ಸಾಮಾನು ವ್ಯಾನಿನಲ್ಲಿ, ಡಬ್ಬಗಳ ನಡುವೆ ಮಗುವನ್ನು ಎತ್ತಿಕೊಂಡು ಆಸ್ಪತ್ರೆ ಮುಟ್ಟಿದರು. ಮಗು ಉಳಿಯಿತು. ಅಪ್ಪನ ನೆಮ್ಮದಿ ಮಾತ್ರ ಅವತ್ತೇ ಹೋಯಿತು. ಈ ತಿಂಗಳು ಮುಗಿಯುವುದರೊಳಗೆ ಮನೆ ಮುಂದೆ ಸ್ವಂತ ಗಾಡಿ ನಿಲ್ಲಬೇಕು ಅಂತ ಹಟ ಹಿಡಿದ.

"ಹೊಸದೇ ತಗೊಳ್ಳೋಣ ರೀ. ಸ್ವಲ್ಪ ಚಿಕ್ಕದಾದರೂ ಪರವಾಗಿಲ್ಲ," ಅಂದಳು ಹೆಂಡತಿ.

"ಹೊಸದಕ್ಕೆ ತಿಂಗಳುಗಟ್ಟಲೆ ಕಾಯಬೇಕಂತೆ. ಉಬ್ಬಸ ಕಾಯುತ್ತೇನೇ? ಅಪ್ಪ, ಅಮ್ಮ, ನಾವಿಬ್ಬರು, ಮಕ್ಕಳಿಬ್ಬರು. ಚಿಕ್ಕದರಲ್ಲಿ ಯಾರನ್ನ ಬಿಟ್ಟು ಹೋಗಲಿ?"

"ಹಾಗಂತ ಕಂಡಕಂಡ ಹಳೇ ಗಾಡಿ..."

"ಕಂಡಕಂಡದ್ದಲ್ಲ ಕಣೆ. ಏಳು ಸೀಟಿನ ದೊಡ್ಡ ಎಸ್‌ಯುವಿ. ಬಿಳೀದು. ಕನ್ನಡಿ ಥರ ಹೊಳೀತಿದೆ. ದಲ್ಲಾಳಿ ಈಗ ತಾನೇ ಫೋನ್ ಮಾಡಿದ್ದ. ಸಂಜೆಗೆ ಬೇರೆ ಪಾರ್ಟಿ ಬರುತ್ತಂತೆ, ಅಷ್ಟರಲ್ಲಿ ಮುಗಿಸಿಬಿಡಬೇಕು."

ಅಡುಗೆಮನೆಯಿಂದ ಒಂದು ನಗು ಕೇಳಿಸಿತು. ನಕ್ಕವಳು ಅವನ ಅಕ್ಕ, ಎರಡು ಮನೆ ಆಚೆ ಇರುವವಳು. ವಿಮಾ ಕಚೇರಿಯಲ್ಲಿ ಕೆಲಸ. ಗುದ್ದಿದ ಗಾಡಿ, ಕೆಟ್ಟ ಗಾಡಿ ನೋಡಿ ವರದಿ ಬರೆಯುತ್ತಾಳೆ.

"ಬೇರೆ ಪಾರ್ಟಿ!" ಅಂದಳು. "ನಾನು ಕೆಲಸಕ್ಕೆ ಸೇರಿದಾಗಿನಿಂದ ಆ ಪಾರ್ಟಿ ಬರ್ತಾನೇ ಇದೆ ಕಣೋ. ಇನ್ನೂ ಬಂದು ಮುಟ್ಟಿಲ್ಲ."

"ಇನ್ಶೂರೆನ್ಸಿನವರ ಕಣ್ಣಿಗೆ ಎಲ್ಲಾ ಗಾಡಿನೂ ಗುದ್ದಿದ್ದೇ. ನೀನು ಸುಮ್ನಿರಕ್ಕ."

"ಹಳೇದು ಕೆಟ್ಟದ್ದು ಅಂತ ನಾನೆಲ್ಲಿ ಹೇಳ್ದೆ? ಹೊಸದಕ್ಕೆ ಕಾಯಬೇಕು, ಆದರೆ ಕೆಟ್ಟರೆ ಕೇಳೋಕೆ ಕಂಪನಿ ಇರುತ್ತೆ. ಹಳೇದು ಕೈಗೆ ಬೇಗ ಸಿಗುತ್ತೆ, ದೊಡ್ಡದೂ ಸಿಗುತ್ತೆ. ಆದರೆ ಅದರ ಪೂರ್ವಾಪರ ನಾವೇ ವಿಚಾರಿಸಬೇಕು. ಮೊದಲು ಯಾರ ಹತ್ತಿರ ಇತ್ತು, ಎಲ್ಲಿ ಗುದ್ದಿತ್ತು, ಎಲ್ಲಿ ಮುಳುಗಿತ್ತು. ನಮಗೆ ಗೊತ್ತಿರೋ ಮೆಕ್ಯಾನಿಕ್ ಒಬ್ಬನಿಗೆ ತೋರಿಸಬೇಕು."

"ಅವನು ನಾಳೆ ಸಿಗೋದು. ಅಷ್ಟರಲ್ಲಿ ಗಾಡಿ ಹೋಗಿರುತ್ತೆ!"

"ಆತುರಗಾರನಿಗೆ ಬುದ್ಧಿ ಮಟ್ಟ," ಅಂದರು ಅಜ್ಜಿ, ಅಂದರೆ ಅವನ ತಾಯಿ. ಅಜ್ಜಿ ದಪ್ಪ, ಮಾತು ಇನ್ನೂ ದಪ್ಪ.

ಅಕ್ಕ ಸೋತವಳಂತೆ ಕೈ ಎತ್ತಿದಳು. "ಸರಿ, ಹೋಗೋಣ. ಆದರೆ ಒಂದೇ ಒಂದು ಮಾತು ನಡೆಸಿಕೊಡು. ದುಡ್ಡು ಕೊಡೋ ಮೊದಲು ಎಲ್ಲರನ್ನೂ ಅವರವರ ಜಾಗದಲ್ಲಿ ಕೂರಿಸಿ ಒಂದು ಸುತ್ತು ಓಡಿಸು. ಗಾಡಿ ತಗೊಳ್ಳೋರೆಲ್ಲ ಸ್ಟೀರಿಂಗ್ ಹಿಡಿದು ನೋಡ್ತಾರೆ. ಕೊನೇ ಸೀಟಲ್ಲಿ ಕೂತು ನೋಡೋರು ಯಾರೂ ಇಲ್ಲ."

ಅಜ್ಜನನ್ನು ಬೇಕರಿ ಕಾಯಲು ಬಿಟ್ಟು ಎಲ್ಲರೂ ಹೊರಟರು. ಅವಸರದಣ್ಣ ಸ್ಕೂಟರಿನಲ್ಲಿ ಮುಂದೆ, ಉಳಿದವರು ಬಾಡಿಗೆ ಕಾರಿನಲ್ಲಿ ಹಿಂದೆ.

ಹಳೇ ಗಾಡಿಗಳ ಅಂಗಳದಲ್ಲಿ ಆ ಎಸ್‌ಯುವಿ ನಿಜಕ್ಕೂ ಹೊಳೆಯುತ್ತಿತ್ತು. ದೊಡ್ಡ ಮಗಳು ಬಾಗಿಲಿನಲ್ಲೇ ಮುಖ ನೋಡಿಕೊಂಡು ಕೂದಲು ಸರಿಮಾಡಿಕೊಂಡಳು. ಅವಸರದಣ್ಣ ಬಾಗಿಲು ತೆಗೆದ. ಘಮ್ಮೆಂದು ನಿಂಬೆ ಸೆಂಟು ಹೊಡೆಯಿತು. ಅದರ ಅಡಿಯಲ್ಲಿ ಇನ್ನೇನೋ ಒಂದು ವಾಸನೆ, ಅವನಿಗೆ ಚೆನ್ನಾಗಿ ಗೊತ್ತಿರುವಂಥದ್ದು. ಏನದು ಅಂತ ಯೋಚಿಸುವಷ್ಟರಲ್ಲಿ ದಲ್ಲಾಳಿ ಎಂಜಿನ್ ಶುರು ಮಾಡಿದ.

"ಸದ್ದೇ ಇಲ್ಲ ನೋಡಿ ಸಾರ್! ಮಗು ಮಲಗಿದ ಹಾಗಿದೆ."

ಹಿಂದಿನ ಸಾಲಿಗೆ ಹೋಗಲು ನಡುವಿನ ಸೀಟನ್ನು ಮಡಚಬೇಕು. ದಲ್ಲಾಳಿ ಎರಡೂ ಕೈ ಹಾಕಿ ಜಗ್ಗಿದ. ಸೀಟು ಕಿರ್ರೆಂದು ಮಡಚಿತು.

"ಜಾಸ್ತಿ ಬಳಸಿಲ್ಲ ಸಾರ್, ಅದಕ್ಕೇ ಬಿಗಿ."

ಅಜ್ಜಿ ಮುಂದೆ ಬಂದರು. "ನಾನು ಹಿಂದೇ ಕೂರ್ತೀನಿ. ಇಲ್ಲಿ ನಾನು ತೂರಿದರೆ ಇನ್ಯಾರು ಬೇಕಾದರೂ ತೂರಬಹುದು." ತೂರಿದರು. ಪಕ್ಕದಲ್ಲಿ ಪುಟ್ಟಿ ಕೂತಳು. ಹೆಂಡತಿ, ಅಕ್ಕ, ದೊಡ್ಡ ಮಗಳು ನಡುವೆ. ಅವಸರದಣ್ಣ ಸ್ಟೀರಿಂಗಿಗೆ, ದಲ್ಲಾಳಿ ಪಕ್ಕಕ್ಕೆ.

"ಈ ಪಟ್ಟಿ ಎಳೆದಷ್ಟೂ ಬರುತ್ತೆ, ಬಿಟ್ಟರೆ ಒಳಗೆ ಹೋಗಲ್ಲ," ಅಂತ ಅಜ್ಜಿ ಬೆಲ್ಟಿನ ಜೊತೆ ಗುದ್ದಾಡುತ್ತಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಗ್ಲಾಸೆಲ್ಲ ಏರಿಸಿ, ಎಸಿ ನೋಡಿ ಸಾರ್," ಅಂದ ದಲ್ಲಾಳಿ.

ಗಾಡಿ ಬೀದಿ ದಾಟಿ ದೊಡ್ಡ ಸೇತುವೆ ಹತ್ತಿತು. ಎಸಿ ಗಾಳಿ ಜೋರಾಗಿ ಬರುತ್ತಿತ್ತು. ಪುಟ್ಟಿ ಒಂದು ಸಲ ಕೆಮ್ಮಿದಳು. ಆಮೇಲೆ ಇನ್ನೊಂದು ಸಲ. ಕನ್ನಡಿಯಲ್ಲಿ ಅಪ್ಪನಿಗೆ ಅವಳ ಹಣೆ, ಭುಜ ಅಷ್ಟೇ ಕಾಣುತ್ತಿತ್ತು. ಭುಜ ಏರುತ್ತಾ ಇಳಿಯುತ್ತಾ ಇತ್ತು.

"ಏನೋ ಇದು, ಮಗು ಏದುಸಿರು ಬಿಡ್ತಿದೆ!" ಅಂದರು ಅಜ್ಜಿ.

"ಎಸಿ ಆರಿಸ್ರೀ! ಗ್ಲಾಸ್ ಇಳಿಸಿ, ಬೇಗ!" ಅಂತ ಹೆಂಡತಿ ಕೂಗಿದಳು.

ಅವನು ಎಸಿ ಆರಿಸಿ ಗಾಜಿನ ಗುಂಡಿ ಒತ್ತಿದ. ಅವನ ಪಕ್ಕದ ಗಾಜು ಎರಡು ಬೆರಳಗಲ ಇಳಿದು ನಿಂತಿತು. ಹಿಂದಿನವು ಅಲುಗಲೇ ಇಲ್ಲ. ಮೂರನೇ ಸಾಲಿನ ಗಾಜಂತೂ ಇಳಿಯುವಂಥದ್ದೇ ಅಲ್ಲ. ಹಿಂದೆ ಲಾರಿಗಳ ಸಾಲು, ಪಕ್ಕದಲ್ಲಿ ಸೇತುವೆಯ ಗೋಡೆ, ನಿಲ್ಲಿಸಲು ಅಂಗೈಯಗಲ ಜಾಗವಿಲ್ಲ.

"ಸ್ವಿಚ್ಚು ಸ್ವಲ್ಪ ಲೂಸು ಸಾರ್, ಚಿಕ್ಕ ಕೆಲಸ..."

ಅವಸರದಣ್ಣ ಹಾರ್ನಿನ ಮೇಲಿಂದ ಕೈ ತೆಗೆಯದೆ ಓಡಿಸಿದ. ಹಿಂದಿನಿಂದ ಬರುತ್ತಿದ್ದ ಸಿಳ್ಳಿನಂಥ ಉಸಿರು ಅವನಿಗೆ ಹಾರ್ನಿಗಿಂತ ಜೋರಾಗಿ ಕೇಳುತ್ತಿತ್ತು. ಸೇತುವೆ ಇಳಿದವನೇ ಪಕ್ಕಕ್ಕೆ ನಿಲ್ಲಿಸಿ, ಓಡಿ ಬಂದು ನಡುವಿನ ಬಾಗಿಲು ತೆಗೆದ. ದೊಡ್ಡ ಮಗಳು ಹಾರಿ ಇಳಿದಳು. ಸೀಟಿನ ಹಿಡಿಕೆ ಹಿಡಿದು ಎಳೆದ. ಬರಲಿಲ್ಲ. ಕಾಲು ಕೊಟ್ಟು ಎಳೆದ. ಅಂಗೈ ಚರ್ಮ ಕಿತ್ತು ಬಂತು, ಸೀಟು ಮಡಚಲಿಲ್ಲ. ಮಗಳು ಕೈಗೆಟುಕುವ ದೂರದಲ್ಲಿದ್ದಾಳೆ, ನಡುವೆ ಒಂದು ಸೀಟು. ಅವನಿಗೆ ಅಳು ಬಂದುಬಿಟ್ಟಿತು.

ಹೆಂಡತಿ ಗಂಡನಿಗೆ ಕಾಯಲಿಲ್ಲ. ಸೀಟಿನ ಮೇಲೆ ಮಂಡಿಯೂರಿ, ಚೀಲದಿಂದ ಪಂಪು ತೆಗೆದು, ಸೀಟಿನ ಬೆನ್ನಿನ ಮೇಲಿಂದ ಬಾಗಿದಳು. "ಬಾಯಿ ತೆಗಿ ಪುಟ್ಟಿ. ಅಮ್ಮನ್ನ ನೋಡು. ಎಳ್ಕೋ... ಹಾಗೇ ಹಿಡ್ಕೋ... ಈಗ ಬಿಡು. ಜಾಣೆ."

"ತಗೋ ಮಗೂನ!" ಅಂತ ಅಜ್ಜಿ ಮೊಮ್ಮಗಳನ್ನು ಎರಡೂ ಕೈಯಲ್ಲಿ ಎತ್ತಿ ಸೀಟಿನ ಮೇಲಿಂದ ದಾಟಿಸಿದರು. ಮೆಟ್ಟಿಲು ಹತ್ತಲು ಗೋಡೆ ಹಿಡಿಯುವ ಅಜ್ಜಿಗೆ ಆ ಶಕ್ತಿ ಎಲ್ಲಿಂದ ಬಂತೋ.

ಬಯಲು ಗಾಳಿಯಲ್ಲಿ, ಕಾಲುದಾರಿಯ ಕಲ್ಲಿನ ಮೇಲೆ ಅಪ್ಪ ಮಗಳನ್ನು ತೊಡೆಯಲ್ಲಿ ಕೂರಿಸಿಕೊಂಡ. ಬೆನ್ನಿಗೆ ಕಿವಿಯಿಟ್ಟ. ಸಿಳ್ಳು ನಿಧಾನವಾಗಿ ಕಡಿಮೆಯಾಯಿತು. ತುಟಿಗೆ ಬಣ್ಣ ಬಂತು. "ಅಪ್ಪಾ, ಬಿಗಿಯಾಗಿ ಹಿಡೀಬೇಡ," ಅಂದಳು ಪುಟ್ಟಿ. ಆಗ ಎಲ್ಲರಿಗೂ ಹೋದ ಜೀವ ಬಂದಂತಾಯಿತು.

"ನನ್ನನ್ನ ಇಲ್ಲೇ ಬಿಟ್ಟು ಹೋಗ್ತೀರೇನ್ರೋ?" ಗಾಡಿಯ ಒಳಗಿಂದ ಅಜ್ಜಿ ಕೂಗಿದರು. "ಈ ಪಟ್ಟಿ ಬೇರೆ ಮೈಗೆಲ್ಲ ಸುತ್ತಿಕೊಂಡಿದೆ. ಕೈಯೆಲ್ಲ ಮಣ್ಣು!"

ಮಣ್ಣು ಅಂದದ್ದೇ ತಡ, ಅಕ್ಕ ಒಳಗೆ ಬಾಗಿದಳು. ಅಜ್ಜಿ ಜಗ್ಗಿ ಜಗ್ಗಿ ಬೆಲ್ಟು ಕೊನೆಯವರೆಗೂ ಹೊರಗೆ ಬಂದಿತ್ತು. ಎದುರಿಗೆ ಕಾಣುವ ಭಾಗ ಶುಭ್ರ. ಯಾವಾಗಲೂ ಒಳಗೇ ಸುತ್ತಿಕೊಂಡಿರುವ ಕೊನೆಯ ಭಾಗದಲ್ಲಿ ಕಂದು ಬಣ್ಣದ ಒಣ ಕೆಸರು. ಅಕ್ಕ ಕಾಲಡಿಯ ಕಾರ್ಪೆಟ್ಟಿನ ಮೂಲೆ ಎತ್ತಿದಳು. ಅಡಿಯಲ್ಲಿ ತೇವ, ಕಪ್ಪು ಚುಕ್ಕೆ. ಸೀಟಿನ ಕೆಳಗಿನ ಕಬ್ಬಿಣವೆಲ್ಲ ತುಕ್ಕು.

ಅವಸರದಣ್ಣ ಬಂದು ಮೂಸಿದ. ಅವನ ಮುಖ ಬಿಳುಚಿತು. "ಬೂಷ್ಟು," ಅಂದ. "ಬ್ರೆಡ್ ಕೆಟ್ಟಾಗ ಬರೋ ವಾಸನೆ. ಬಾಗಿಲು ತೆಗೆದಾಗಲೇ ಮೂಗಿಗೆ ಬಡೀತು ಕಣಕ್ಕ. ಅವಸರದಲ್ಲಿ ಬಿಟ್ಟುಬಿಟ್ಟೆ."

"ಇದು ನೀರಲ್ಲಿ ಮುಳುಗಿದ ಗಾಡಿ ಕಣೋ. ಹೊರಗೆ ತೊಳೀತಾರೆ, ಪಾಲಿಶ್ ಹೊಡೀತಾರೆ, ಸೆಂಟು ಹಾಕ್ತಾರೆ. ಬೆಲ್ಟನ್ನ ಕೊನೆವರೆಗೂ ಎಳೆದು ತೊಳೆಯೋದು ಮಾತ್ರ ಮರೀತಾರೆ. ನೀರು ಕುಡಿದ ವೈರು ಇವತ್ತು ಗ್ಲಾಸು ಕೆಡಿಸುತ್ತೆ. ನಾಳೆ ನಡುರಸ್ತೇಲಿ ಎಂಜಿನ್ನೇ ನಿಲ್ಲಿಸುತ್ತೆ. ಗುದ್ದಿದಾಗ ಏರ್‌ಬ್ಯಾಗು ತೆರೆದುಕೊಳ್ಳುತ್ತೆ ಅಂತ ಯಾರು ಹೇಳ್ತಾರೆ?"

"ನನಗೂ ಗೊತ್ತಿರಲಿಲ್ಲ ಮೇಡಂ," ಅಂದ ದಲ್ಲಾಳಿ, ನೆಲ ನೋಡುತ್ತಾ. ನಿಜವೋ ಸುಳ್ಳೋ, ನಮಗೆ ತಿಳಿಯದು.

"ಕಣ್ಣಿಗೆ ಮಣ್ಣೆರಚ್ತಾರೆ ಅಂತ ಕೇಳಿದ್ದೆ," ಅಂದರು ಅಜ್ಜಿ. ಮೂವರು ಸೇರಿ ಅವರನ್ನು ಹೊರಗೆ ಎಳೆಯುತ್ತಿದ್ದರು. "ಇವತ್ತು ಕೈಗೇ ಕೊಟ್ಟರು."

ದಾರಿಯಲ್ಲಿ ಸಿಕ್ಕ ಬಾಡಿಗೆ ಕಾರಿನಲ್ಲಿ ಹಿಡಿಸಿದ್ದು ಹೆಂಡತಿ, ಅಜ್ಜಿ, ಮಕ್ಕಳು ಅಷ್ಟೇ; ಅವರು ನೇರ ಡಾಕ್ಟರ ಹತ್ತಿರ ಹೋದರು. ದಲ್ಲಾಳಿ ಎಸ್‌ಯುವಿಯನ್ನು ವಾಪಸು ಓಡಿಸಿಕೊಂಡು ಹೋದ. "ಪುಟ್ಟಿ ಆರಾಮ, ಮನೆಗೆ ಬರ್ತಿದ್ದೀವಿ," ಅಂತ ಹೆಂಡತಿಯ ಫೋನ್ ಬಂದ ಮೇಲೆಯೇ ಅವಸರದಣ್ಣ ಅಕ್ಕನ ಜೊತೆ ಸ್ಕೂಟರ್ ತರಲು ಅಂಗಳಕ್ಕೆ ಬಂದ. ಬಂದು ನೋಡಿದರೆ ಬಿಳಿ ಗಾಡಿ ಆಗಲೇ ಮತ್ತೆ ಒರೆಸಿಕೊಂಡು ನಿಂತಿದೆ, ಸೆಂಟೂ ಹೊಡೆದಾಗಿದೆ. ಅದರ ಮುಂದೆ ಕನ್ನಡಕದವನೊಬ್ಬ, ಕೈಗೂಸು ಎತ್ತಿಕೊಂಡ ಅವನ ಹೆಂಡತಿ, ಕೋಲು ಹಿಡಿದ ಒಬ್ಬ ಮುದುಕ.

ಬೇರೆ ಪಾರ್ಟಿ. ಈ ಸಲ ನಿಜವಾಗಿಯೂ ಬಂದಿತ್ತು.

ಬೇಕರಿಯಲ್ಲಿ ಸಂಜೆಯ ಹಿಟ್ಟು ಉಬ್ಬಿ ಕಾಯುತ್ತಿತ್ತು. ಸ್ಕೂಟರಿಗೆ ಕೀಲಿ ಹಾಕಿದ್ದ ಅವಸರದಣ್ಣ ಅದನ್ನು ತೆಗೆದು ಜೇಬಿಗಿಟ್ಟ.

"ಸಾರ್, ದುಡ್ಡು ಕೊಟ್ಟುಬಿಟ್ರಾ?"

"ಕೊಡೋಕೇ ಬಂದಿದ್ದೀವಿ. ನೀವ್ಯಾರು?"

"ಬೇಕರಿಯವನು. ಕೊಡೋ ಮೊದಲು ಹಿಂದಿನ ಸಾಲಿನ ಬೆಲ್ಟ್ ಒಂದ್ಸಲ ನೋಡಿ."

ಕನ್ನಡಕದವನು ಅವನನ್ನು ಮೇಲಿಂದ ಕೆಳಗೆ ನೋಡಿದ. "ಇದೇ ಗಾಡಿ ನಿಮಗೂ ಬೇಕೇನೋ. ನಮ್ಮನ್ನ ಓಡಿಸೋ ಉಪಾಯ ಇದು. ಹೋಗ್ರಿ ಸ್ವಾಮಿ, ನಮಗೆ ಅವಸರ ಇದೆ."

ಆ ಮಾತು ಕೇಳಿ ನಮ್ಮವನಿಗೆ ಸಿಟ್ಟು ಬರಲಿಲ್ಲ, ಸಂಕಟವಾಯಿತು. ಬೆಳಿಗ್ಗೆ ಅಕ್ಕನಿಗೆ ತಾನೂ ಹೀಗೇ ಅಂದಿದ್ದನಲ್ಲ. ವಾದ ಮಾಡಲಿಲ್ಲ. ದಲ್ಲಾಳಿ ಅಡ್ಡ ಬಂದರೂ ನಿಲ್ಲದೆ ಹಿಂದಿನ ಬಾಗಿಲು ತೆಗೆದು, ಸೀಟಿನ ಸಂದಿಗೆ ತುರುಕಿಟ್ಟಿದ್ದ ಬೆಲ್ಟನ್ನು ಎಳೆದ. ಅದರ ಕೊನೆಯನ್ನು ಆ ತಾಯಿಯ ಅಂಗೈಯಲ್ಲಿಟ್ಟ. ಕೆಸರಿನ ಪುಡಿ ಉದುರಿತು.

ಅವಳು ಗಂಡನ ಕಡೆ ನೋಡಿದಳು. ಮಗುವನ್ನು ಎದೆಗೆ ಅವಚಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಮುದುಕ ಕೋಲೂರಿ ಗೇಟಿನ ಕಡೆ ಹೊರಟೇಬಿಟ್ಟ.

ಅವತ್ತು ನಮ್ಮ ಬೀದಿಗೆ ಬ್ರೆಡ್ ತಡವಾಗಿ ಬಂತು. ಯಾಕೆ ಅಂತ ತಿಳಿದ ಮೇಲೆ ಯಾರೂ ಗೊಣಗಲಿಲ್ಲ.

ಅವಸರದಣ್ಣ ಆಮೇಲೆ ಏನು ತಗೊಂಡ ಅಂತ ಕೇಳುತ್ತೀರಾ? ಏಳು ಸೀಟಿನದೇ, ಹಳೆಯದೇ. ಆದರೆ ಮೊದಲಿನ ಯಜಮಾನರ ಮನೆಗೆ ಹೋಗಿ ಮಾತಾಡಿಸಿದ. ಸರ್ವಿಸ್ ಆದ ಚೀಟಿಗಳನ್ನು, ವಿಮೆಯ ಹಳೇ ಕ್ಲೇಮುಗಳನ್ನು ಅಕ್ಕ ನೋಡಿದಳು. ಗೊತ್ತಿರುವ ಮೆಕ್ಯಾನಿಕ್ ಗಾಡಿಯ ಹೊಟ್ಟೆಯಡಿ ಮಲಗಿ ನೋಡಿದ. ಕೊನೆಗೆ ಎಲ್ಲರನ್ನೂ ಕೂರಿಸಿ, ಎಸಿ ಹಾಕಿ, ಊರೆಲ್ಲ ಸುತ್ತಿಸಿದ. ಪುಟ್ಟಿ ಮೂರನೇ ಸಾಲಿನಲ್ಲಿ ಅಜ್ಜಿಗೆ ಒರಗಿ ನಿದ್ದೆ ಹೋದಳು. ಅದೇ ಸರ್ಟಿಫಿಕೇಟು ಅಂದರು ಅಜ್ಜಿ. ಗಾಡಿ ಸಿಗುವವರೆಗೆ ಪಕ್ಕದಂಗಡಿ ವ್ಯಾನಿನವನ ನಂಬರು ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು. ಕಾಯುವುದಕ್ಕೆ ಅಷ್ಟೇ ಸಾಕಾಗಿತ್ತು.

ಆ ಬಿಳಿ ಗಾಡಿ ಮರುದಿನ ಅಂಗಳದಲ್ಲಿ ಇರಲಿಲ್ಲ. ಗುಜರಿಗೆ ಹೋಗಿರಲಾರದು. ಹೊಳೆಯುತ್ತಾ, ನಿಂಬೆ ವಾಸನೆ ಬೀರುತ್ತಾ ಇನ್ಯಾವುದೋ ಊರಿನಲ್ಲಿ ನಿಂತಿರುತ್ತದೆ. ಇದನ್ನು ಓದುತ್ತಿರುವ ಅಣ್ಣ, ಅಕ್ಕ, ಈ ಸಲದ ಬೇರೆ ಪಾರ್ಟಿ ನೀವೇ ಆಗಿರಬಹುದು. ಅಲ್ಲಿ ನಮ್ಮ ಬೇಕರಿಯವನು ಇರುವುದಿಲ್ಲ. ಹೊಸದು ಕೊಳ್ಳಿ, ಹಳೆಯದು ಕೊಳ್ಳಿ, ಮನೆಯವರನ್ನೆಲ್ಲ ಕೂರಿಸಿ ನೋಡದೆ ಕೊಳ್ಳಬೇಡಿ. ಹಳೆಯದಾದರೆ ಮೊದಲು ಹಿಂದಿನ ಸೀಟಿಗೆ ಹೋಗಿ, ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಆ ಸೀಟಿನಲ್ಲಿ ಕೂರುವುದು ನಿಮ್ಮ ಮಗು.