ನೆಟ್ ಇಲ್ಲ ಕಣಕ್ಕ

ನಮ್ಮೂರಿನ ನ್ಯಾಯಬೆಲೆ ಅಂಗಡಿಯ ತಾರಸಿಯ ಮೇಲೆ ಬಿಳೀ ತಟ್ಟೆಯೊಂದು ಆಕಾಶ ನೋಡಿಕೊಂಡು ಕೂತಿದೆ. ಅದನ್ನು ಕಂಡಾಗಲೆಲ್ಲ ನನಗೆ ವಾಕರಿಕೆ ಬರುತ್ತದೆ. ಅಂಗಡಿ ನನ್ನದೇ, ಅಂದರೆ ಸರ್ಕಾರದ ಅಕ್ಕಿ ಹಂಚುವ ಪರವಾನಗಿ ಇರುವುದು ತೋಂಟದಾರ್ಯ ಎಂಬ ನನ್ನ ಹೆಸರಿನಲ್ಲಿ. ಹಾಗಾಗಿ ದಿನವೂ ಆ ತಟ್ಟೆಯ ಕೆಳಗೇ ಕೂರಬೇಕು.

ದಂಡಿನಶಿವರದಿಂದ ಒಳಕ್ಕೆ, ತೋಟಗಳ ನಡುವೆ ಇರುವ ಊರು ನಮ್ಮದು. ಫೋನಿಗೆ ಒಂದು ಕಡ್ಡಿ ಸಿಗ್ನಲ್ ಬರಬೇಕಾದರೆ ಕೆರೆ ಏರಿ ಹತ್ತಬೇಕು. ರೇಷನ್ ಕೊಡಬೇಕಾದರೆ ಜನ ಮೆಷಿನ್ ಮೇಲೆ ಹೆಬ್ಬೆಟ್ಟು ಒತ್ತಬೇಕು, ಅದು ಎಲ್ಲೋ ಇರುವ ಸರ್ವರ್‌ಗೆ ಹೋಗಿ ಸರಿಯಿದೆ ಎನಿಸಿಕೊಂಡು ಬರಬೇಕು. ಹೀಗಾಗಿ ನಾನು ದಿನಕ್ಕೆ ನೂರು ಸಲ ಹೇಳುತ್ತಿದ್ದ ಮಾತೆಂದರೆ ‘ನೆಟ್ ಇಲ್ಲ’. ಸುಖವಾದ ಮಾತು ಅದು. ಅದರಲ್ಲಿ ಯಾರ ತಪ್ಪೂ ಇರುವುದಿಲ್ಲ. ಜನ ನನ್ನನ್ನು ಬಿಟ್ಟು ಟವರನ್ನು ಬೈದುಕೊಂಡು ಹೋಗುತ್ತಿದ್ದರು.

ಚಿಕ್ಕಗೌರಮ್ಮನಿಗೂ ಅದನ್ನೇ ಹೇಳುತ್ತಿದ್ದೆ. ಅವಳು ತಿಮ್ಮಯ್ಯನ ಕೊಬ್ಬರಿ ಅಂಗಳದಲ್ಲಿ ಮೂವತ್ತು ವರ್ಷದಿಂದ ಚಿಪ್ಪು ಬಿಡಿಸುವವಳು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಯ ಚಿಪ್ಪು ಒಡೆದು, ಒಳಗಿನ ಉಂಡೆ ಕೊಬ್ಬರಿಗೆ ಗೀರೂ ಬೀಳದಂತೆ ಹೊರತೆಗೆಯುವುದಕ್ಕೆ ಅವಳಂಥ ಕೈ ಸುತ್ತ ಹತ್ತು ಊರಲ್ಲಿ ಇನ್ನೊಂದಿಲ್ಲ. ಆ ಕೆಲಸದಲ್ಲಿ ಅವಳ ಹೆಬ್ಬೆಟ್ಟಿನ ಗೆರೆಗಳೆಲ್ಲ ಸವೆದು ನುಣ್ಣಗಾಗಿದ್ದವು. ಉಳಿದ ಬೆರಳುಗಳೂ ಹಾಗೇ. ನೆಟ್ ಇದ್ದ ದಿನವೂ ಮೆಷಿನ್ ‘ಬೆರಳಚ್ಚು ಹೊಂದುತ್ತಿಲ್ಲ’ ಎನ್ನುತ್ತಿತ್ತು. ಅವಳಿಗೆ ಓದಲು ಬರುವುದಿಲ್ಲ. ನಾನು ಪರದೆಯನ್ನು ನನ್ನ ಕಡೆ ತಿರುಗಿಸಿಕೊಂಡು, “ನೆಟ್ ಇಲ್ಲ ಕಣಕ್ಕ, ನಾಳೆ ಬಾ” ಎನ್ನುತ್ತಿದ್ದೆ. ನಾಲ್ಕೈದು ದಿನ ಕೂಲಿ ಬಿಟ್ಟು ಬಂದು ಒತ್ತೀ ಒತ್ತೀ, ಯಾವುದೋ ಒಂದು ಬೆರಳು ಹಿಡಿದರೆ ಆ ತಿಂಗಳ ಅಕ್ಕಿ. ಹಿಡಿಯದಿದ್ದರೆ ಇಲ್ಲ. ಕಾರ್ಡಿನಲ್ಲಿ ಇರುವುದು ಅವಳೊಬ್ಬಳದೇ ಹೆಸರು.

ಬೆರಳು ಸವೆದವರಿಗೆಂದೇ ಒಂದು ವಿನಾಯಿತಿ ಅರ್ಜಿ ಇದೆ. ತುಂಬಿಸಿಕೊಂಡು ತುರುವೇಕೆರೆಗೆ ಹೋಗಿ, ಕಚೇರಿಯಲ್ಲಿ ಅರ್ಧ ದಿನ ನಿಂತು ಕೊಡಬೇಕು, ಅಷ್ಟೇ. ಅದರ ಹಾಳೆ ಮೂರು ವರ್ಷದಿಂದ ನನ್ನ ಮೇಜಿನ ಖಾನೆಯಲ್ಲೇ ಬಿದ್ದಿತ್ತು. ಅರ್ಧ ದಿನ ಯಾರು ಹಾಳುಮಾಡಿಕೊಳ್ಳುತ್ತಾರೆ ಎಂದು ಬಿಟ್ಟಿದ್ದೆ. ಥೂ, ಈಗ ಇದನ್ನು ಬರೆಯುವುದಕ್ಕೂ ಹೇಸಿಗೆಯಾಗುತ್ತದೆ.

ಹೀಗಿರುವಾಗ ದಯಾನಂದ್ ಬಂದ. ಉಪಗ್ರಹದಿಂದ ಇಂಟರ್‌ನೆಟ್ ಕೊಡುವ ಯಾವುದೋ ಕಂಪನಿಯವನು. ಪ್ರಯೋಗಕ್ಕೆ ನಮ್ಮೂರನ್ನು ಆರಿಸಿದ್ದಾರಂತೆ. ಅಂಗಡಿ ಮುಂದೆ ಜನ ಸೇರಿಸಿ ವಿಡಿಯೊ ತೋರಿಸಿದ. ರಾಕೆಟ್ ಬೆಂಕಿ ಉಗುಳುತ್ತ ಮೇಲೆ ಹೋಯಿತು. ಅದರ ತುದಿಯ ಭಾಗ ಕಳಚಿಕೊಂಡು ಹೋಗಿ ಇಪ್ಪತ್ತು ಮೂವತ್ತು ಉಪಗ್ರಹಗಳನ್ನು ಕಕ್ಷೆಗೆ ಬಿಟ್ಟಿತು. ಕೆಳಗಿನ ಭಾಗ ತಿರುಗಿ ಬಂದು ಸಮುದ್ರದ ಮೇಲಿನ ಕಟ್ಟೆಯಲ್ಲಿ ಕಾಲೂರಿ ನಿಂತಿತು.

“ಇದೇ ರಾಕೆಟ್ ಇಪ್ಪತ್ತು ಸಲ ಹೋಗಿ ಬಂದಿದೆ. ನಾವು ಏನನ್ನೂ ವೇಸ್ಟ್ ಮಾಡಲ್ಲ,” ಎಂದ ದಯಾನಂದ್.

“ಹತ್ತಾದು, ಕಾಯಿ ಕೆಡವಾದು, ಇಳಿಯಾದು. ನಮ್ ಗಂಗರಾಜು ಮಾಡೋ ಕೆಲ್ಸನೇ ಕಣಪ್ಪ,” ಎಂದಳು ಚಿಕ್ಕಗೌರಮ್ಮ. ಎಲ್ಲರೂ ನಕ್ಕರು, ಮರ ಹತ್ತುವ ಗಂಗರಾಜುವೂ ನಕ್ಕ. ಅವಳು ನಗಲಿಲ್ಲ. “ಇದು ಬಂದ್ರೆ ನನ್ ಹೆಬ್ಬೆಟ್ಟು ತಗಂತದಾ?” ಎಂದು ಕೇಳಿದಳು.

“ಎರಡೇ ಸೆಕೆಂಡ್ ಅಮ್ಮ,” ಎಂದ ಅವನು. ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ಉಪಗ್ರಹದ ಸಿಗ್ನಲ್ ಹಿಡಿಯುವ ತಟ್ಟೆಗೆ ಏನೂ ಅಡ್ಡವಿಲ್ಲದ ಆಕಾಶ ಬೇಕು. ಅಂಗಡಿಯ ಉತ್ತರಕ್ಕೆ ಚಿಕ್ಕಗೌರಮ್ಮನ ಹಿತ್ತಲು, ಅಲ್ಲಿ ಅವಳ ಅತ್ತೆ ನೆಟ್ಟ ಎರಡು ತೆಂಗಿನಮರ. ಒಂದರ ಗರಿಗಳು ತಾರಸಿಯ ಮೇಲೇ ಹರಡಿದ್ದವು. ದಯಾನಂದ್ ಫೋನನ್ನು ಮೇಲಕ್ಕೆ ಹಿಡಿದು ನೋಡಿ, ಈ ಮರ ಅಡ್ಡ ಬರುತ್ತದೆ ಎಂದ. ತಟ್ಟೆಯನ್ನು ಪಂಚಾಯ್ತಿ ಅಧ್ಯಕ್ಷ ಸೂರ್ಯಪ್ರಕಾಶ್ ಮನೆಯ ತಾರಸಿಯಲ್ಲೂ ಇಡಬಹುದಿತ್ತು, ಅಲ್ಲೂ ಮರಗಳು ಅಡ್ಡವಿದ್ದವು. ಅವು ಅಧ್ಯಕ್ಷರ ಮರಗಳಾದ್ದರಿಂದ ಆ ಮಾತನ್ನೇ ಯಾರೂ ಎತ್ತಲಿಲ್ಲ. ಎಲ್ಲರೂ ಚಿಕ್ಕಗೌರಮ್ಮನ ಮುಖ ನೋಡಿದರು. ಅವಳು ನನ್ನ ಮುಖ ನೋಡಿದಳು.

“ಮರ ತೆಗುದ್ರೆ ನೆಟ್ ಬತ್ತದಾ ತೋಂಟಪ್ಪ?”

“ಬತ್ತದೆ ಕಣಕ್ಕ,” ಎಂದೆ. ಅದು ಸುಳ್ಳೂ ಅಲ್ಲ. ಅಷ್ಟು ನೀಚವಾದ ನಿಜವನ್ನು ನಾನು ಇನ್ಯಾವತ್ತೂ ಹೇಳಿಲ್ಲ.

ಕಡಿಯುವ ಬೆಳಿಗ್ಗೆ ಅವಳು ಬುಡಕ್ಕೆ ಅರಿಶಿನ ಕುಂಕುಮ ಇಟ್ಟು, ಲೋಟದಲ್ಲಿ ತಂದಿದ್ದ ಹಾಲೆರೆದಳು. “ಅನ್ನುಕ್ಕೋಸ್ಕರ ಕಣವ್ವ, ಬ್ಯಾಸ್ರ ಮಾಡ್ಕಬ್ಯಾಡ,” ಎಂದು ಮರಕ್ಕೆ ಹೇಳಿದಳು. ಗಂಗರಾಜು ಏರಿ ಮೊದಲು ಗೊನೆಗಳನ್ನು ಹಗ್ಗದಲ್ಲಿ ಇಳಿಸಿದ, ಆಮೇಲೆ ಮರವನ್ನೇ ತುಂಡು ತುಂಡಾಗಿ ಕೆಡವಿದ.

ಎರಡು ದಿನಕ್ಕೆ ಉದ್ಘಾಟನೆ. ಶಾಮಿಯಾನ, ಮೈಕು, ತಟ್ಟೆಗೊಂದು ಸೇವಂತಿಗೆ ಹಾರ. ಹಾರ ಹಾಕಿದ ಕೂಡಲೇ ನೆಟ್ ನಿಂತುಹೋಗಿ, ಹಾಕಿದವರೇ ಏಣಿ ಹತ್ತಿ ತೆಗೆದರು. ಬಂದವರೆಲ್ಲ ಕುಡಿದದ್ದು ಅದೇ ಮರದ ಎಳನೀರು. ಕುಡಿದ ಬುರುಡೆಗಳನ್ನು ಅವಳ ಹಿತ್ತಲಿಗೇ ಎಸೆದರು, ನೊಣ ಮುತ್ತಿಕೊಂಡವು. ಸೂರ್ಯಪ್ರಕಾಶ್ ಕುಂಕುಮ ಇನ್ನೂ ಮಾಸದ ಬೊಡ್ಡೆಯ ಮೇಲೆ ಚಪ್ಪಲಿಕಾಲು ಇಟ್ಟು ಫೋಟೊ ತೆಗೆಸಿಕೊಂಡರು. ಯಾರಿಗೂ ಏನೂ ಅನ್ನಿಸಲಿಲ್ಲ.

ಮೊದಲ ಫಲಾನುಭವಿ ಎಂದು ಚಿಕ್ಕಗೌರಮ್ಮನನ್ನೇ ಮೆಷಿನ್ ಮುಂದೆ ಕೂರಿಸಿದರು. ಅವಳು ಒಳ್ಳೆಯ ಸೀರೆ ಉಟ್ಟು, ಬೆರಳುಗಳನ್ನು ಸೀಗೆಪುಡಿಯಲ್ಲಿ ಉಜ್ಜಿ ತೊಳೆದುಕೊಂಡು ಬಂದಿದ್ದಳು. ಅಕ್ಕಿಗೆ ಚೀಲ ಮಡಿಲಲ್ಲಿತ್ತು. ಒತ್ತಿದಳು. ಎರಡು ಸೆಕೆಂಡೂ ಆಗಲಿಲ್ಲ. ‘ಬೆರಳಚ್ಚು ಹೊಂದುತ್ತಿಲ್ಲ.’ ಮೊದಲು ಇದನ್ನು ಹೇಳಲು ಕಾಲು ಗಂಟೆ ತಿನ್ನುತ್ತಿದ್ದ ಮೆಷಿನ್, ಈಗ ಹತ್ತೂ ಬೆರಳಿಗೆ ಹತ್ತು ಸಲ ಪಟಪಟನೆ ಹೇಳಿತು.

“ನೆಟ್ ಸೂಪರ್ ಆಗಿದೆ ಸಾರ್, ಇದು ನಮ್ಮ ಪ್ರಾಬ್ಲಮ್ ಅಲ್ಲ,” ಎಂದು ದಯಾನಂದ್ ನನ್ನ ಕಿವಿಯಲ್ಲಿ ಉಸುರಿ, ಅಧ್ಯಕ್ಷರ ಸೊಸೆ ಸೌಂದರ್ಯಳನ್ನು ಕರೆದ. ಎರಡಂತಸ್ತಿನ ಮನೆಯವಳಿಗೂ ಬಡವರ ಕಾರ್ಡು. ಅವಳು ಉಗುರುಬಣ್ಣದ ಹೆಬ್ಬೆಟ್ಟು ತಾಗಿಸಿದ್ದೇ ತಡ, ಮೆಷಿನ್ ಕುಯ್ಯೆಂದು ಚೀಟಿ ಕಕ್ಕಿತು. ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮಧ್ಯಾಹ್ನದ ಹೊತ್ತಿಗೆ ಶಾಮಿಯಾನ ಬಿಚ್ಚಿ ಎಲ್ಲರೂ ಹೋದರು. ಚಿಕ್ಕಗೌರಮ್ಮ ಖಾಲಿ ಚೀಲ ಹಿಡಿದು ಹಿತ್ತಲನ್ನೇ ನೋಡುತ್ತ ನಿಂತಿದ್ದಳು.

“ಆವಮ್ಮುಂಗೆ ನೆಟ್ ಬಂತು, ನಂಗೆ ಬರ್ನಿಲ್ಲ. ಆ ಇನ್ನೊಂದ್ ಮರ ನನ್ ನೆಟ್ಟಿಗೆ ಅಡ್ಡ ಐತೇನೋ ಕಣಪ್ಪ. ಗಂಗರಾಜುಗೆ ಹೇಳ್ಲಾ? ಅದ್ನೂ ತೆಗ್ಸಿಬುಡ್ತೀನಿ.”

ಹೌದು ಎಂದಿದ್ದರೆ ಅವಳು ಸಂಜೆಯೊಳಗೆ ಅದನ್ನೂ ಕಡಿಸುತ್ತಿದ್ದಳು.

“ಬ್ಯಾಡ ಕಣಕ್ಕ. ನೆಟ್ ಐತೆ. ನಿನ್ ಹೆಬ್ಬೆಟ್ಟು ಸವ್ದೋಗದೆ. ಮೊದ್ಲಿಂದ್ಲೂ ಹಂಗೇ.”

ಅವಳು ಹೆಬ್ಬೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. “ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಖಾನೆ ಎಳೆದು ಅರ್ಜಿ ತೆಗೆದು, ಇದನ್ನು ಕೊಟ್ಟರೆ ಬೆರಳು ಹಿಡಿಯದಿದ್ದರೂ ಅಕ್ಕಿ ಸಿಗುತ್ತದೆ ಎಂದೆ. ಅವಳ ಹೆಸರು ತುಂಬಿಸಿದೆ. ಕೊನೆಯಲ್ಲಿ ಅರ್ಜಿದಾರರ ರುಜು ಅಥವಾ ಹೆಬ್ಬೆಟ್ಟು ಎಂದಿತ್ತು. ಶಾಯಿಯ ಡಬ್ಬಿ ಮುಂದಿಟ್ಟೆ. ಅವಳು ಒತ್ತಿದಳು. ಹಾಳೆಯ ಮೇಲೆ ಒಂದೂ ಗೆರೆಯಿಲ್ಲದ ನೀಲಿ ಮಚ್ಚೆ ಬಿತ್ತು.

“ಇಷ್ಟೇನಾ?” ಎಂದಳು.

“ಇಷ್ಟೇ.”

ಅವಳು ಹಿತ್ತಲಿಗೆ ಹೋಗಿ, ಬೊಡ್ಡೆಯ ಸುತ್ತ ಬಿದ್ದಿದ್ದ ಬುರುಡೆಗಳನ್ನು ಕಾಲಿಂದ ಸರಿಸಿ, ಅದರ ಮೇಲೆ ಕೂತಳು.

“ಇದ್ನ ಮೊದ್ಲೇ ಕೊಟ್ಟಿದ್ರೆ ನನ್ ಮರ ಉಳೀತಿತ್ತಲ್ಲೋ, ತೋಂಟ,” ಎಂದಳು. ಇಷ್ಟು ವರ್ಷದಲ್ಲಿ ಅವಳು ನನ್ನ ಹೆಸರಿಗೆ ಅಪ್ಪ ಸೇರಿಸದೆ ಕರೆದದ್ದು ಅದೇ ಮೊದಲು.